ಹಸಿರಾಗದ ದೋಣಿ

ಆಸ್ಪತ್ರೆ ಹಿನ್ನೀರಿನ ಆಚೆ ದಡದಲ್ಲಿತ್ತು. ದೋಣಿ ಹತ್ತಿದವರ ವಯಸ್ಸು, ಮೈ ನೋಡಿ, ದಾರಿಯಲ್ಲಿ ಅವರೊಳಗೆ ಯಾರಾದರೂ ಕಾಯಿಲೆ ಬೀಳುವ ಒಟ್ಟು ಸಂಭವವನ್ನು ದೋಣಿಯಲ್ಲಿದ್ದ ಯಂತ್ರ ಎಂದಿನಂತೆ ಲೆಕ್ಕ ಹಾಕಿತು. ಸಂಭವ ಮಿತಿ ಮೀರಿದ್ದರಿಂದ ಕೆಂಪು ದೀಪ ಹೊತ್ತಿತು. ಅದು ಹಸಿರಾಗದೆ ಎಂಜಿನ್ ಹೊರಡುವಂತಿಲ್ಲ. ಜ್ವರದಿಂದ ಸುಡುತ್ತಿದ್ದ ಕೂಸನ್ನು ಶಾವಂತ್ರೆವ್ವ ಎದೆಗೊತ್ತಿಕೊಂಡಳು.

"ಕೂಸಿನ ಜ್ವರಕ್ಕ ನನ್ನ ಮುಪ್ಪು ಕೂಡಿದ್ರ ಲೆಕ್ಕ ಏರತೈತಿ. ನಾ ಇಳೀತೀನಿ ತಂಗಿ" ಎಂದು ಮುದುಕ ಫಕೀರಪ್ಪ ಇಳಿದ.

ದೀಪ ಕೆಂಪಾಗಿಯೇ ಇತ್ತು.

ಶಾವಂತ್ರೆವ್ವ ದೋಣಿ ನಡೆಸುವವನತ್ತ ತಿರುಗಿದಳು. "ಹಂಗಾರ ನಾನೇನೋ ಅಣ್ಣಾ?"

ದೋಣಿ ನಡೆಸುವ ಬಸಲಿಂಗ ಗಟ್ಟಿಮುಟ್ಟಾದ ಆಳು. ಅವನು ತಾನೂ ಇಳಿದು ನೋಡೋಣವೆಂದು ದಡಕ್ಕೆ ಕಾಲಿಟ್ಟ. ದೀಪ ಹಸಿರಾಯಿತು. ಕಾಯಿಲೆ ತನ್ನೊಳಗೇ ಇದೆಯೆಂದು ತಿಳಿದು ಅವನ ಮುಖ ಬಿಳಿಚಿಕೊಂಡಿತು.

"ಇನ್ನ ನಡಸೋರು ಯಾರು?" ಎಂದಳು ಶಾವಂತ್ರೆವ್ವ.

"ನೀನಽ ಅಕ್ಕಾ. ಚುಕ್ಕಾಣಿ ನೆಟ್ಟಗ ಹಿಡಿ, ಆಚೆ ದಡದ ಮ್ಯಾಲಿಂದ ಕಣ್ಣು ತಗೀಬ್ಯಾಡ" ಎಂದ.

ಒಂದು ಕೈಯಲ್ಲಿ ಕೂಸನ್ನು ಅವುಚಿಕೊಂಡು ಅವಳು ಎಂಜಿನ್ ಚಾಲೂ ಮಾಡಿದಳು.