ಅರ್ಧ ಮೀಸೆ

ನಮ್ಮ ಊರಲ್ಲಿ ಒಮ್ಮೆಗೆ ನಾನೂರು ಜನ ಮಾತ್ರ ಅಲುಗಾಡಬಹುದು. ಉಳಿದವರು ಸರದಿ ಬರುವವರೆಗೆ ಇದ್ದಲ್ಲೇ ಗೊಂಬೆ. ಪುಣ್ಯಕ್ಕೆ ಕಣ್ಣು ಕಿವಿಗೆ ಸರದಿ ಇಲ್ಲ. ಯಾರಿಗೆ ಎಷ್ಟು ಹೊತ್ತು ಎಂದು ಬರೆಯುವವರು ಸರದಿ ಕಚೇರಿಯ ಗುಡಗೇರಿ ಸಾಹೇಬರು. ತಮಗೆ ದಿನವಿಡೀ ಬರೆದುಕೊಂಡಿದ್ದಾರೆ. ಕ್ಷೌರಿಕರಿಗೆ ಗಂಟೆಗೊಂದು ನಿಮಿಷ.

ಇವತ್ತು ಮಧ್ಯಾಹ್ನ ಹನ್ನೆರಡೂವರೆಗೆ ಸಾಹೇಬರು ಕ್ಷೌರಿಕ ಯಮನೂರಪ್ಪನ ಕುರ್ಚಿಯಲ್ಲಿ ಕೂತರು. ನಿನ್ನೆಯಿಂದ ಬೆಂಚಿನ ಮೇಲೆ ಗೊಂಬೆಯಾಗಿರುವ ಗಿರಾಕಿ ನಾನು. ಸಂಜೆ ಐದಕ್ಕೆ ಸಾಹೇಬರಿಗೆ ಸನ್ಮಾನವಿತ್ತು, ಊರಿನ ಸಮಯ ಉಳಿಸಿದ್ದಕ್ಕೆ.

ಯಮನೂರಪ್ಪ ನೊರೆ ಹಚ್ಚಿ, ಸಾಹೇಬರ ಮೂಗು ಹಿಡಿದೆತ್ತಿ, ಎಡಮೀಸೆ ಬೋಳಿಸಿದ. ನಿಮಿಷ ಮುಗಿಯಿತು. ಮೂಗು ಅವನ ಬೆರಳಲ್ಲೇ ಉಳಿಯಿತು, ಕತ್ತಿ ತುಟಿಯ ಮೇಲೇ. ದಿನವಿಡೀ ಅಲುಗಾಡಬಲ್ಲ ಸಾಹೇಬರ ಕೈಗಳು ಕೊರಳಿಗೆ ಬಿಗಿದ ಬಟ್ಟೆಯೊಳಗಿದ್ದವು; ಅಲುಗಾಡಿದರೆ ತುಟಿ ಸೀಳುತ್ತಿತ್ತು.

"ಯಾವ ಮಂಗ್ಯಾನ ಮಗ ಬರದಾನ್ಲೇ ಇವಗ ಒಂದ ನಿಮಿಷ!" ಎಂದು ಅವರು ಹಲ್ಲು ಕಚ್ಚಿಕೊಂಡೇ ಕಿರುಚಿದರು.

ಅಂಗಡಿಯ ಗೊಂಬೆಗಳ ಕಣ್ಣೆಲ್ಲ ಅವರತ್ತಲೇ ತಿರುಗಿದವು.

ಗಂಟೆಯ ಮೇಲೆ ಯಮನೂರಪ್ಪ ಅಲುಗಿದ. ಕೆನ್ನೆ ಮುಟ್ಟಿ ನೋಡಿ, "ನೊರಿ ಒಣಗೇತ್ರಿ ಸಾಹೇಬ್ರ. ಒಣ ಮೀಸಿಗೆ ಕತ್ತಿ ಹಚ್ಚಬಾರದು ಅಂತ ನಮ್ಮಪ್ಪ ಹೇಳ್ಯಾನ್ರಿ" ಎಂದ. ನೀರು ಚಿಮುಕಿಸಿ, ಬ್ರಶ್ ಆಡಿಸಿ, ಸಾವಕಾಶವಾಗಿ ಹೊಸ ನೊರೆ ಎಬ್ಬಿಸಿದ. ಮೂಗು ಹಿಡಿದ, ಕತ್ತಿ ಇಟ್ಟ. ನಿಮಿಷ ಮುಗಿಯಿತು.

ನಾಲ್ಕೂವರೆಗೆ ಐದನೇ ಸಲ ನೊರೆ ಹಚ್ಚಿದ್ದಾಯಿತು. ಬಲಮೀಸೆಯ ಒಂದು ಕೂದಲೂ ಕಡಿಮೆಯಾಗಿರಲಿಲ್ಲ.

ಆಗ ನನ್ನ ಸರದಿ ಬಂತು, ದಿನಕ್ಕೊಮ್ಮೆ ಸಿಗುವ ಎರಡು ನಿಮಿಷ. ಎದ್ದು ಆ ಕತ್ತಿ ಸರಿಸಬಹುದಿತ್ತು. ಸಾಹೇಬರ ಮೂಗು ಬಿಡಿಸಬಹುದಿತ್ತು.

ಎರಡೂ ನಿಮಿಷ ನಕ್ಕೆ.