ಮನೆಯವರು ಹೇಳಿದ ಉತ್ತರ

"ಮಕ್ಕಳೆಷ್ಟು ಹಡದೀರಿ, ಆಯಿ?"

"ಮೂರು," ಎಂದಳು ಮುದಕಮ್ಮ.

"ಎರಡರಿ ಮೇಡಂ," ಎಂದ ಕಂಬಕ್ಕೆ ಒರಗಿ ನಿಂತಿದ್ದ ಮಗ ಗವಿಸಿದ್ದಪ್ಪ. "ನಾನು, ನನ್ನ ತಮ್ಮ. ನೋಡಿದ್ರ್ಯಾ? ಎರಡು ತಿಂಗಳಾತು, ಹಿಂಗ ಮಾತಾಡಾಕ ಹತ್ಯಾಳ."

ಆರೋಗ್ಯ ಸಮೀಕ್ಷೆಗೆ ಬಂದಿದ್ದ ಮಹೇಶ್ವರಿಯ ಪೆನ್ಸಿಲ್ ಹಾಳೆಯ ಮೇಲೆ ತಡೆದು ನಿಂತಿತು. ಮರೆವಿನ ರೋಗ ಪತ್ತೆಹಚ್ಚುವ ಈ ಪರೀಕ್ಷೆಯ ಮೂಲ ಹಾಳೆಯಲ್ಲಿ ಗಡಿಯಾರದ ಚಿತ್ರ ಬರೆಯುವುದಿತ್ತು, ನೂರರಿಂದ ಏಳೇಳು ಕಳೆಯುತ್ತ ಹೋಗುವುದಿತ್ತು. ಶಾಲೆಯ ಕಟ್ಟೆ ಹತ್ತದವರಿಗೆ ಅದನ್ನೇ ಕೇಳಿದರೆ ಬೇವೂರು ಸೀಮೆಯಲ್ಲಿ ಊರಿಗೆ ಊರೇ ಮರೆಗುಳಿ ಎನಿಸಿಕೊಂಡೀತೆಂದು ಪ್ರಶ್ನೆಗಳನ್ನು ಬದಲಿಸಿದ್ದರು. ತಾರೀಖಿನ ಜಾಗದಲ್ಲಿ ಅಮಾವಾಸ್ಯೆ ಬಂತು, ಲೆಕ್ಕದ ಜಾಗದಲ್ಲಿ ಹೆತ್ತ ಮಕ್ಕಳು ಬಂದರು. ಇಂಥದ್ದಕ್ಕೆ ಸರಿ ಉತ್ತರ ಯಾವ ಪುಸ್ತಕದಲ್ಲಿದ್ದೀತು? ಮನೆಯವರು ಹೇಳಿದ್ದೇ ಸರಿ ಉತ್ತರವೆಂದು ಹಾಳೆಯ ಅಡಿಯಲ್ಲಿ ಅಚ್ಚು ಹಾಕಿಸಿದ್ದರು. ಮಹೇಶ್ವರಿ ಸೊನ್ನೆ ಬರೆದಳು.

"ಸೊನ್ನಿ ಹಾಕಿದಿ," ಎಂದಳು ಮುದಕಮ್ಮ. ಅಕ್ಷರ ಬಾರದಿದ್ದರೂ ಅದೊಂದು ಆಕೆಗೆ ಗೊತ್ತಾಗುತ್ತಿತ್ತು.

"ಮನಿಯವರು ಹೇಳಿದ್ದನ್ನ ಬರೀಬೇಕ್ರಿ, ಆಯಿ."

"ಮರವಿನ ರೋಗ ಐತಿ ಅಂತ ನಿನ್ನ ಹಾಳ್ಯಾಗ ಬಂತಂದ್ರ, ಆಮ್ಯಾಲ ನಾ ಏನ ಹೇಳಿದ್ರೂ ಅದು ರೋಗದ ಮಾತು. ಹೌದಲ್ಲೋ?"

ಮಹೇಶ್ವರಿ ಹಾಳೆಯ ಮುಂದಿನ ಸಾಲಿಗೆ ಬೆರಳಿಟ್ಟಳು. ಮೊದಲೇ ಮಾತು ಕಡಿಮೆಯ ಹುಡುಗಿ. ಹಾಳೆಯಲ್ಲಿದ್ದದ್ದನ್ನು ಬಿಟ್ಟು ಬೇರೆ ಕೇಳಿದವಳೇ ಅಲ್ಲ. "ಅಮಾಸಿ ಯಾವಾಗೈತ್ರಿ?" ಎಂದು ಮುಂದಕ್ಕೆ ಹೋದಳು.

"ನಾಡದ ಬುಧವಾರ. ಯಾಕ, ನಿನಗ ಗೊತ್ತಿಲ್ಲೇನು? ಅಷ್ಟು ಓದಿ, ಊರೂರು ಕೇಳಕೋಂತ ಅಡ್ಡಾಡತಿ."

ಮಗ ನಕ್ಕ. ಮಹೇಶ್ವರಿಯೂ ನಕ್ಕು ಅಂಕ ಕೊಟ್ಟಳು.

ಮುಂದಿನದು ಬಚ್ಚಿಡುವ ಪರೀಕ್ಷೆ. ಮುದುಕಿಯ ಕಣ್ಣೆದುರೇ ಬಾಚಣಿಕೆಯನ್ನು ಕೌದಿಯ ಕೆಳಗೆ, ಕೀಲಿಕೈಯನ್ನು ಗೋಡೆಯ ಗೂಡಿನಲ್ಲಿ ಇಟ್ಟು, ಚಮಚ ಹಿಡಿದು ಬೀಸುಕಲ್ಲಿನತ್ತ ನಡೆದಾಗ ಗವಿಸಿದ್ದಪ್ಪ ತಡೆದ. "ಆ ಹಾಸಗಲ್ಲಿನ ಮ್ಯಾಲ ಕಾಲಿಡಬ್ಯಾಡ್ರಿ. ಕೆಳಗ ಹಗೇವು ಐತಿ, ಹಿಂದಕ ಜ್ವಾಳ ತುಂಬಿಡತಿದ್ದ ಕುಣಿ. ಬಾಯಿ ಗಟ್ಟಿಲ್ಲ." ಅವಳು ಗೋಡೆಗುಂಟ ಸುತ್ತು ಹಾಕಿ ಹೋಗಿ ಚಮಚವನ್ನು ಬೀಸುಕಲ್ಲಿನ ಹಿಂದಿಟ್ಟಳು. ನೀರು ತರಲು ಒಳಗೆ ಹೋದ ಅವನೂ ಹಾಗೇ ಸುತ್ತು ಹಾಕಿದ.

ಇಪ್ಪತ್ತು ನಿಮಿಷ ಬೇರೆ ಪ್ರಶ್ನೆಗಳಾದ ಮೇಲೆ, "ಆಯಿ, ಬಚ್ಚಿಟ್ಟಿದ್ದನ್ನೆಲ್ಲ ತರ್ರಿ ನೋಡೋಣ," ಎಂದಳು. ಮುದಕಮ್ಮ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಬಾಚಣಿಕೆ, ಕೀಲಿಕೈ, ಚಮಚ. ಎಲ್ಲೂ ತಡವರಿಸದೆ ಮೂರನ್ನೂ ತಂದು ಮಹೇಶ್ವರಿಯ ಮಡಿಲಿಗೆ ಹಾಕಿದಳು. ಆಮೇಲೆ ಬಂದು ತನ್ನ ಜಾಗದಲ್ಲಿ ಕೂಡಲಿಲ್ಲ. ಮೆಲ್ಲಗೆ ನಡೆದು ಆ ಹಾಸುಗಲ್ಲಿನ ನಟ್ಟನಡುವೆ ಕುಳಿತು, ಅಂಗೈ ಊರಿದಳು.

"ಇಲ್ಲೊಂದು."

"ನಾ ಇಟ್ಟಿದ್ದು ಮೂರರಿ, ಆಯಿ."

"ನೀ ಇಟ್ಟಿದ್ದು ಮೂರು. ಇದು ಇವರಪ್ಪ ಇಟ್ಟಿದ್ದು."

ಮುದಕಮ್ಮ ಅಡುಗೆಯ ಬಗೆ ಹೇಳಿಕೊಡುವವಳ ಹಾಗೆ ಹೇಳುತ್ತ ಹೋದಳು. "ಹಗೇವು ತೆರದಾಗ ಮೊದಲ ದೀಪ ಇಳಿಬಿಡಬೇಕು. ಗಾಳಿ ಕೆಟ್ಟಿದ್ರ ದೀಪ ಆರತೈತಿ, ಆವಾಗ ಯಾರೂ ಇಳಿಯೂದಿಲ್ಲ. ಅವತ್ತ ದೀಪ ಬಿಡಲಿಲ್ಲ. ಮಗಳು ಹಗುರದಾಳ ಅಂತ ಸೀದಾ ಇಳಿಸಿದ. ಒಂದು ಬುಟ್ಟಿ ಜ್ವಾಳ ಮ್ಯಾಲ ಬಂತು. ಎರಡನೇ ಬುಟ್ಟಿ ಖಾಲಿ ಬಂತು. ಇಳಿದು ನೋಡಾಕ ತಾ ಅಂಜಿದ. ಸಂಜಿಕ ಮಣ್ಣ ಹಾಕಿದ. ಮಾವನ ಮನ್ಯಾಗ ಬಿಟ್ಟೀನಿ ಅಂತ ಊರಾಗ ಹೇಳಿದ. ಒಂದು ವರ್ಷ ಕೇಳಿದ್ರು. ಆಮ್ಯಾಲ ಯಾರೂ ಕೇಳಲಿಲ್ಲ." ಮಗನತ್ತ ಗದ್ದ ತೋರಿದಳು. "ಆವಾಗ ಇವಗ ಮೂರು ವರ್ಷ. ಆ ಗೂಡಿನ ಕೆಳಗ ಕುಂತಿದ್ದ."

"ಕತಿ ಕಟ್ಟತಾಳರಿ," ಎಂದ ಗವಿಸಿದ್ದಪ್ಪ. "ಮನಿಗೆ ನಾನ ಹಿರಿಯಾವ. ನನಗಿಂತ ಮೊದಲ ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ."

ಇಡದ ಸಾಮಾನು ತೋರಿಸಿದರೆ ಒಂದು ಅಂಕ ಕಳೆಯಬೇಕೆಂದು ಹಾಳೆಯಲ್ಲಿತ್ತು. ಕಳೆದಳು. ಕೂಡಿಸಿದರೆ ಒಂಬತ್ತಾಯಿತು. ಹತ್ತು ಬಂದಿದ್ದರೆ ರೋಗವಿಲ್ಲ.

"ಕಡೀ ಸಲ ಕೇಳತೀನ್ರಿ. ಮಕ್ಕಳೆಷ್ಟು?" ಎಂದು ಗವಿಸಿದ್ದಪ್ಪನನ್ನು ಕೇಳಿದಳು.

"ಎರಡು ಅಂದ್ನೆಲ್ಲರಿ. ಏಳವ್ವ, ಸಾಕು." ಅವನು ತಾಯಿಯನ್ನು ಎಬ್ಬಿಸಲು ಬಂದ. ಕಲ್ಲಿನ ಅಂಚಿಗೆ ಬಂದು ಕಾಲು ನಿಂತವು. ಅಲ್ಲಿಂದಲೇ ಬಾಗಿ ಕೈ ಚಾಚಿದ; ಎಟುಕಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಎಟುಕುತ್ತಿತ್ತು.

ಮಹೇಶ್ವರಿ ಹಾಳೆಯಲ್ಲಿ ಇಲ್ಲದ್ದನ್ನು ಕೇಳಿದಳು. "ನಿಮ್ಮವ್ವ ಕುಂತ್ರೂ ಕಲ್ಲು ಕುಸಿದಿಲ್ಲಲ್ರಿ. ನೀವ್ಯಾಕ ಕಾಲಿಡೂದಿಲ್ಲ?"

"ಅದೊಂದು ರೂಢಿರಿ, ಸಣ್ಣಾವಿದ್ದಾಗಿಂದ." ಅವನು ನಗಲು ನೋಡಿದ. "ಇಟ್ಟ ಇಲ್ಲ. ಕಾಲಿಟ್ರ..."

"ಕಾಲಿಟ್ರ?"

"ಕಾಲಿಟ್ರ ಅಕ್ಕನ ಕಣ್ಣಾಗ ಮಣ್ಣ ಬೀಳತೈತಿ."

ಹೇಳಿಯಾದ ಮೇಲೆ ಅವನಿಗೆ ಅದು ಕೇಳಿಸಿತು. ಚಾಚಿದ ಕೈ ಚಾಚಿದಂತೆಯೇ ಉಳಿಯಿತು.

ಮುದಕಮ್ಮ ಅವನತ್ತ ನೋಡಲಿಲ್ಲ, ಕಲ್ಲಿನ ಮೇಲಿಂದ ಅಂಗೈಯನ್ನೂ ಎತ್ತಲಿಲ್ಲ.

"ಮನಿಯವರು ಹೇಳ್ಯಾರ," ಎಂದಳು. "ಈಗ ಬರಕೋ, ತಂಗಿ."