ಸಾಸಿವೆಗಿಂತ ಚಿಕ್ಕ ಗುಳ್ಳೆ

ಟಪ್ಪೆಂದು ಸದ್ದಾಗಿ, ಯಂತ್ರದ ಎರಡು ಉಕ್ಕಿನ ತಟ್ಟೆಗಳ ನಡುವೆ ಅಪ್ಪ ಕಲಸಿದ ತುಂಡು ಒಡೆದು ಚೂರಾಯಿತು. ಹಲ್ಲಿನ ಕುಳಿ ತುಂಬುವ ಸಿಮೆಂಟ್ ಎಷ್ಟು ಭಾರ ತಡೆಯುತ್ತದೆಂದು ಒಡೆದು ನೋಡುವುದು ಈ ಪ್ರಯೋಗಾಲಯದಲ್ಲಿ ಮಗಳ ಕೆಲಸ. ಕಲಸುವ ಯಂತ್ರದಲ್ಲಿ ಮಾಡಿದ ಐದೂ ತುಂಡುಗಳು ಇದರ ಎರಡರಷ್ಟು ತಡೆದಿದ್ದವು. ನಲವತ್ತು ವರ್ಷ ಊರವರ ಹಲ್ಲು ತುಂಬಿದ್ದ ಅಪ್ಪ ನಿನ್ನೆ ಇಲ್ಲೇ ಕೂತು ಇದನ್ನು ಕಲಸುತ್ತಾ, "ಕೈಯಲ್ಲಿ ಕಲಸಿದ್ದಕ್ಕೆ ಸಾಟಿಯೇ ಇಲ್ಲ, ನೋಡ್ತಿರು" ಎಂದು ಜಂಬ ಕೊಚ್ಚಿಕೊಂಡಿದ್ದರು.

"ನಿನ್ನ ಮಿಷನ್ನೇ ಸರಿ ಇಲ್ಲ" ಎಂದು ಈಗ ಗೊಣಗಿದರು. ಅವಳು ಚೂರೊಂದನ್ನು ಭೂತಗನ್ನಡಿಯ ಕೆಳಗಿಟ್ಟಳು. ಒಡೆದ ಮೈಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಗುಳ್ಳೆ. ಕಲಸುವಾಗ ಕೈ ನಡುಗಿದರೆ ಒಳಗೆ ಗಾಳಿ ಸೇರಿಕೊಳ್ಳುತ್ತದೆ. ಅಪ್ಪ ಬಗ್ಗಿ ನೋಡಿದರು. ಆಮೇಲೆ ಬಲಗೈಯನ್ನು ಮೆಲ್ಲಗೆ ಜೇಬಿಗಿಳಿಸಿದರು.

ಎಂಟು ವರ್ಷದವಳಿದ್ದಾಗ ಅವಳು ಅಪ್ಪನ ಕ್ಲಿನಿಕ್ಕಿನಲ್ಲಿ ಸ್ಟೂಲು ಹತ್ತಿ ನಿಂತು, ಅದಕ್ಕೆ ಬೆರೆಸುವ ಲವಂಗದೆಣ್ಣೆಯ ಘಾಟಿಗೆ ಕಣ್ಣು ಕಿರಿದು ಮಾಡಿಕೊಂಡು ಮೊದಲ ಸಲ ಸಿಮೆಂಟ್ ಕಲಸಿದ್ದಳು. ಗಟ್ಟಿಯಾದ ಉಂಡೆಯನ್ನು ಅಪ್ಪ ಮುರಿದು ಗುಳ್ಳೆ ತೋರಿಸಿದ್ದರು. ಅವಳು ಇನ್ನೇನು ಅಳಬೇಕು, ಅಷ್ಟರಲ್ಲಿ ಸಿಮೆಂಟ್ ಕಲಸುವ ಗಾಜಿನ ಹಲಗೆಯನ್ನು ಒರೆಸಿ ಮುಂದಿಟ್ಟಿದ್ದರು. ಬೈಯಲಿಲ್ಲ, ರಮಿಸಲೂ ಇಲ್ಲ. "ಗುಳ್ಳೆ ಬಿದ್ದಿದ್ದು ಲೆಕ್ಕಕ್ಕಿಲ್ಲ. ಇನ್ನೊಂದು ಕಲಸಮ್ಮಾ" ಅಂದಿದ್ದರು, ಅಷ್ಟೇ.

ಅವಳು ಭೂತಗನ್ನಡಿ ಬದಿಗಿಟ್ಟು, ಗಾಜಿನ ಹಲಗೆಯನ್ನು ಒರೆಸಿ ಅಪ್ಪನ ಮುಂದೆ ಸರಿಸಿದಳು.

"ಗುಳ್ಳೆ ಬಿದ್ದಿದ್ದು ಲೆಕ್ಕಕ್ಕಿಲ್ಲ. ಇನ್ನೊಂದು ಕಲಸಪ್ಪಾ."

ಸ್ವಲ್ಪ ಹೊತ್ತಿಗೆ ಜೇಬಿನಿಂದ ಕೈ ಹೊರಗೆ ಬಂತು.